ಆಟದ ಸಾಮಾನಿನ ಕೋಣೆ

ನಮ್ಮ ಶಾಲೆಯ ಲೈಬ್ರರಿಗೆ ತಾಗಿಕೊಂಡ ಪುಟ್ಟ ಕೋಣೆ ಮೊದಲು ಆಟದ ಸಾಮಾನಿನದಾಗಿತ್ತು. ಹಾಕಿ ಸ್ಟಿಕ್ಕುಗಳು, ಹರಿದ ಬಲೆ, ಗಾಳಿ ಹೋದ ಫುಟ್‌ಬಾಲ್. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವನ್ನೆಲ್ಲ ಒಂದು ಗೋಡೆಗೆ ಸರಿಸಿ, ಎರಡು ಕುರ್ಚಿ ಹಾಕಿಕೊಂಡು ಕೌನ್ಸೆಲರ್ ಮೇಡಂ ಬಂದು ಕೂತರು. ಒದ್ದೆ ತೊಗಲಿನ ವಾಸನೆ ಕೊನೆಯವರೆಗೂ ಹೋಗಲಿಲ್ಲ. ನನಗೆ ಈಗಲೂ ಆ ವಾಸನೆ ಎಂದರೆ ಸಮಾಧಾನ.

ಅದು 2018. ಆಗಸ್ಟ್ ನಡುವಿನ ಆ ಮಳೆ ಕೊಡಗಿನವರಾರಿಗೂ ಮರೆಯುವಂಥದ್ದಲ್ಲ. ಮಕ್ಕಂದೂರು ಕಡೆಯ ನಮ್ಮ ಮನೆ, ಅಪ್ಪನ ಎರಡೆಕರೆ ಕಾಫಿ ಎಲ್ಲ ಗುಡ್ಡದ ಮಣ್ಣಿನಡಿ ಹೋಯಿತು. ಉಟ್ಟ ಬಟ್ಟೆಯಲ್ಲೇ ಹೊರಟದ್ದರಿಂದ ನಾವು ಉಳಿದೆವು. ಮೊದಲು ಗಂಜಿ ಕೇಂದ್ರ, ಆಮೇಲೆ ಮಡಿಕೇರಿಯಲ್ಲಿ ಶೀಟು ಹೊದೆಸಿದ ಒಂದು ಬಾಡಿಗೆ ಕೋಣೆ. ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಜೀವ ಉಳೀತಲ್ಲ, ಧೈರ್ಯವಾಗಿರು. ಹೌದು, ಜೀವ ಉಳಿದಿತ್ತು. ಆದರೆ ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಇದನ್ನು ಯಾರಿಗೆ, ಏನೆಂದು ಹೇಳುವುದು?

ಮೇಡಂ ಬಂದ ಹೊಸತರಲ್ಲಿ ಆ ಕೋಣೆಗೆ ಯಾರೂ ಕಾಲಿಡಲಿಲ್ಲ. ಹೋದವರಿಗೆ ತಲೆ ಸರಿಯಿಲ್ಲ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅವರು ಒಂದು ಉಪಾಯ ಮಾಡಿದರು. ಹಾಜರಿ ನಂಬರಿನ ಪ್ರಕಾರ ಒಬ್ಬೊಬ್ಬರನ್ನೂ ಹತ್ತತ್ತು ನಿಮಿಷ ಕರೆದರು, ಕ್ಲಾಸಿಗೆ ಮೊದಲು ಬರುವವರನ್ನೂ ಬಿಡಲಿಲ್ಲ. ಎಲ್ಲರೂ ಹೋಗಿ ಬಂದಮೇಲೆ ಆಡಿಕೊಳ್ಳುವುದಕ್ಕೆ ಯಾರೂ ಉಳಿಯಲಿಲ್ಲ. ನನ್ನ ನಂಬರ್ 31. ನಾಚಿಕೆಯಿಲ್ಲದೆ ಆ ಬಾಗಿಲು ದಾಟಲು ಸಾಧ್ಯವಾದದ್ದು ಅದರಿಂದಲೇ.

ಕೂರುತ್ತಿದ್ದ ಹಾಗೆ ಅವರು ಹೇಳಿದ್ದು ಇಂದಿಗೂ ಬಾಯಿಪಾಠ. "ನೀನು ಇಲ್ಲಿ ಹೇಳಿದ್ದು ನನ್ನ ಹತ್ತಿರವೇ ಇರ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಉಂಟು, ಅಥವಾ ಯಾರೋ ನಿನಗೆ ತೊಂದರೆ ಕೊಡ್ತಾ ಇದ್ದಾರೆ ಅಂತ ಗೊತ್ತಾದರೆ ನಾನು ಹೇಳಲೇಬೇಕು. ಹೇಳುವ ಮೊದಲು ನಿನಗೇ ಹೇಳ್ತೇನೆ." ದೊಡ್ಡವರೊಬ್ಬರು ಮಾತಿನ ಗಡಿಯನ್ನು ಮೊದಲೇ ತೋರಿಸಿಕೊಟ್ಟದ್ದು ನನ್ನ ಪಾಲಿಗೆ ಅದೇ ಮೊದಲು. ಅವರು ಸುಳ್ಯದ ಕಡೆಯವರು, ನಮ್ಮ ಮನೆಮಾತು ಅರೆಭಾಷೆ ಅವರಿಗೂ ಬರುತ್ತಿತ್ತು. ಪರೀಕ್ಷೆಯ ಕನ್ನಡದಲ್ಲಿ ಹೊರಬಾರದ ಭಯ ಮನೆಮಾತಿನಲ್ಲಿ ಹೊರಬಂತು.

ಹುತ್ತರಿ ಕಳೆದ ವಾರ, ಕಣದಲ್ಲಿ ಕಾಫಿ ಒಣಗುವ ಹೊತ್ತಿನಲ್ಲಿ, ಕಾಲವಲ್ಲದ ಮಳೆ ಬಂತು. ನಾನು ಆ ಕೋಣೆಯಲ್ಲೇ ಇದ್ದೆ. ನಡುಕ ಶುರುವಾಯಿತು. ಮೇಡಂ ಚೀಲದಿಂದ ಒಂದು ಕಿತ್ತಳೆ ತೆಗೆದು ಕೈಯಲ್ಲಿಟ್ಟು, "ಬಿಡಿಸು, ಅವಸರ ಬೇಡ" ಎಂದರು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಬೆರಳು ತಾಗಿದರೆ ಬಿಟ್ಟುಕೊಳ್ಳುತ್ತದೆ. ಸಿಪ್ಪೆಯ ರಸ ಉಗುರಿನ ಸಂದಿಯಲ್ಲಿ ಚುರುಗುಟ್ಟಿತು. ವಾಸನೆ ಹೇಗುಂಟು, ನಾರು ಯಾವ ಬಣ್ಣ, ತೊಳೆ ಎಷ್ಟು ಎಂದು ಒಂದೊಂದಾಗಿ ಕೇಳುತ್ತ ಹೋದರು. ಹತ್ತು ತೊಳೆ. ಎಣಿಸಿ ಮುಗಿಸಿದಾಗಲೂ ಮಳೆ ಸುರಿಯುತ್ತಲೇ ಇತ್ತು, ನಾನು ಮಾತ್ರ ಗುಡ್ಡ ಕುಸಿದ ಆ ರಾತ್ರಿಯಿಂದ ಈ ಕೋಣೆಗೆ ವಾಪಸ್ ಬಂದಿದ್ದೆ. ಮನಸ್ಸು ಹಿಂದಕ್ಕೆ ಓಡಿದಾಗ ಮೈಯನ್ನು ಹಿಡಿದು ಈ ಕ್ಷಣಕ್ಕೆ ಕರೆತರುವ ಅಭ್ಯಾಸ ಇದು ಎಂದು ಆಮೇಲೆ ವಿವರಿಸಿದರು.

ಕೋಣೆಯ ಹೊರಗೆ ಅವರು ಮಾಡಿದ ಕೆಲಸ ನನಗೆ ತಿಳಿದದ್ದು ತಡವಾಗಿ. ಗುಡ್ಡಕ್ಕೆ ಮುಖಮಾಡಿದ ಕಿಟಕಿಯ ಬಳಿಯಿಂದ ನನ್ನ ಜಾಗ ಬಾಗಿಲ ಬಳಿಗೆ ಬಂತು. ಕೇಳದೆಯೇ ಎದ್ದು ಹೋಗಿ ಮುಖ ತೊಳೆದು ಬರಲು ಅನುಮತಿ ಸಿಕ್ಕಿತು. 2019ರ ಜೂನ್‌ನಲ್ಲಿ 'ಮಳೆಗಾಲದ ಒಂದು ದಿನ' ಎಂಬ ಪ್ರಬಂಧಕ್ಕೆ ಖಾಲಿ ಹಾಳೆ ಕೊಟ್ಟು ಬೈಸಿಕೊಂಡಿದ್ದೆ. ಮುಂದಿನ ವಾರ ಅದೇ ಟೀಚರ್ ಮೂರು ವಿಷಯ ಕೊಟ್ಟು, ಬೇಕಾದ್ದು ಬರೆಯಿರಿ ಎಂದರು. ನನ್ನ ಕತೆ ಏನೂ ಅವರಿಗೆ ಗೊತ್ತಿರಲಿಲ್ಲ. ಮೇಡಂ ಬೇಕಾದಷ್ಟೇ ಹೇಳಿದ್ದರು.

ಆ ಆಗಸ್ಟಿನಲ್ಲಿ ಮತ್ತೆ ಗುಡ್ಡ ಕುಸಿಯಿತು, ಈ ಸಲ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ. ಸುದ್ದಿ ಕೇಳಿ ನಾನು ಊಟ ಬಿಟ್ಟೆ. ಮೇಡಂ ಸುತ್ತುಬಳಸದೆ ಕೇಳಿದರು: "ಸಾಯಬೇಕು ಅಂತ ಅನ್ನಿಸ್ತದಾ?" ಕೆಲವು ಸಲ ಹೌದು ಎಂದೆ. ಆ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಬ್ಬಳೇ ಹೊತ್ತಿದ್ದನ್ನು ಇನ್ನೊಬ್ಬರು ಕೈಹಾಕಿ ಎತ್ತಿದ ಹಾಗಾಯಿತು ನನಗೆ. ಮಾತು ಕೊಟ್ಟಂತೆ ಮೊದಲು ನನಗೆ ತಿಳಿಸಿ, ನನ್ನ ಎದುರಲ್ಲೇ ಅವ್ವನಿಗೆ ಹೇಳಿದರು. ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರ ಬಳಿ ಹೋಗಲು ಚೀಟಿ ಬರೆದುಕೊಟ್ಟರು, ಮೊದಲ ದಿನ ಜೊತೆಗೂ ಬಂದರು. ತನ್ನಿಂದಾಗುವುದು ಎಲ್ಲಿಯವರೆಗೆ, ವೈದ್ಯರು ಬೇಕಾಗುವುದು ಎಲ್ಲಿಂದ ಎಂಬ ಲೆಕ್ಕ ಅವರಿಗಿತ್ತು. ಇದನ್ನು ಓದುವ ಮಕ್ಕಳಿಗಾಗಿ ಒಂದು ಮಾತು: 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, 14416, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಾಲಕ್ಕೆ ಅದಿರಲಿಲ್ಲ.

ಕೊರೊನಾದಿಂದ ಮುಂದೆ ಹೋದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು 2020ರ ಜೂನ್ 25ರಿಂದ, ಜಡಿಮಳೆಯ ನಡುವೆ, ಮಾಸ್ಕ್ ಹಾಕಿಕೊಂಡು ಬರೆದೆ. ಪಾಸಾದೆ. ಈಗ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಜೋರು ಮಳೆಯ ದಿನ ಬ್ಯಾಗಿನಲ್ಲಿ ಕಿತ್ತಳೆ ಇರುತ್ತದೆ.

ಕಳೆದ ವರ್ಷ ಒಂದು ಸರ್ಟಿಫಿಕೇಟಿಗಾಗಿ ಶಾಲೆಗೆ ಬಂದಿದ್ದೆ. ಮೇಡಂ ಊರಿಗೆ ಹೋಗಿ ಬಹಳ ದಿನವಾಗಿದೆ, ಅವರ ಜಾಗಕ್ಕೆ ಯಾರೂ ಬಂದಿಲ್ಲ ಎಂದರು. ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಮತ್ತೆ ಬಲೆ, ಸ್ಟಿಕ್ಕು. ಹೊರಗೆ ಮಳೆ ಹಿಡಿದಿತ್ತು. ಜಗಲಿಯಲ್ಲಿ ಏಳನೆಯದೋ ಎಂಟನೆಯದೋ ತರಗತಿಯ ಹುಡುಗಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಒಬ್ಬ ಕೌನ್ಸೆಲರನ್ನು ಕರೆಸಿ. ಸ್ಟಿಕ್ಕುಗಳನ್ನು ಗೋಡೆಗೆ ಸರಿಸಿದರೆ ಎರಡು ಕುರ್ಚಿಗೆ ಜಾಗ ಈಗಲೂ ಇದೆ. ಸರಿಸುವುದಕ್ಕೆ ನಾನೇ ಬರುತ್ತೇನೆ.