ಆಗ್ರಾದಲ್ಲಿ ಒಂದು ದಿನ, ಅಮ್ಮನ ಒಂದೇ ಪ್ರಶ್ನೆ

ಆಗ್ರಾಕ್ಕೆ ಹೋಗುವ ಮಾತು ಮನೆಯಲ್ಲಿ ಎದ್ದ ದಿನವೇ, ಗುಂಪಿನ ಬಸ್ಸು ಬೇಡ, ನಮಗೆಂದೇ ಒಂದು ಕಾರು, ಒಬ್ಬ ಗೈಡ್ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಅಮ್ಮನಿಗೆ 72 ವರ್ಷ. ಕಾಸರಗೋಡಿನ ಬಾಯಾರು ಕಡೆಯ ಗುಡ್ಡದ ಬುಡದಲ್ಲಿರುವ ನಮ್ಮ ಅಡಕೆ ತೋಟದ ಮೆಟ್ಟಿಲುಗಳನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವ ಅವರು, ಅದೇ ಮೆಟ್ಟಿಲುಗಳ ದೆಸೆಯಿಂದ ಮೊಣಕಾಲು ನೋವನ್ನೂ ಗಳಿಸಿಕೊಂಡವರು. ಮೂವತ್ತು ಜನರ ಹಿಂದೆ, ಎತ್ತಿ ಹಿಡಿದ ಬಾವುಟವನ್ನು ನೋಡುತ್ತ ಓಡುವುದು ಅವರಿಂದಾಗದು. ಮೇಲಾಗಿ ಅವರಿಗೆ ನಡುವೆ ನಿಂತು ಪ್ರಶ್ನೆ ಕೇಳುವ ಅಭ್ಯಾಸವಿದೆ.

ಕಾಸರಗೋಡಿನವರಿಗೆ ಭಾಷೆಗಳ ಬಡತನವಿಲ್ಲ. ಅಮ್ಮ ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪಂಚಾಯತು ಕಚೇರಿಯಲ್ಲಿ ಮಲಯಾಳ ಆಡುತ್ತಾರೆ. ಹಿಂದಿ ಮಾತ್ರ ಅವರ ಪಾಲಿಗೆ ರೇಡಿಯೋದೊಳಗಿನ ಭಾಷೆ. ಹಾಗಾಗಿ ಗೈಡು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಅಮ್ಮ ಕೇಳಿದ್ದನ್ನು ಹಿಂದಿಗೆ ತಿರುಗಿಸಿ ಗೈಡನ ಮುಂದಿಡುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಕಾಸರಗೋಡಿನಿಂದ ಹೊರಟರೆ ಗಾಡಿ ಬದಲಿಸದೆ ಆಗ್ರಾ ಕಂಟೋನ್ಮೆಂಟಿನಲ್ಲಿ ಇಳಿಯಬಹುದು. ಜನವರಿಯ ಮಂಜಿನಿಂದ ರೈಲು ತಡವಾಗಿ, ನಾವು ಇಳಿದದ್ದು ಗುರುವಾರ ಸಂಜೆ. ಶುಕ್ರವಾರ ತಾಜಮಹಲಿಗೆ ರಜೆಯಾದ್ದರಿಂದ ಶನಿವಾರದವರೆಗೆ ಕಾಯಬೇಕಾಯಿತು.

ಶನಿವಾರ ಸೂರ್ಯೋದಯಕ್ಕೆ ಮೊದಲೇ ಗೈಡು ಕಾರಿನೊಂದಿಗೆ ಬಂದರು. ಕುತ್ತಿಗೆಯಲ್ಲಿ ಸರಕಾರಿ ಪರವಾನಗಿಯ ಚೀಟಿ, ತಲೆಗೆ ಉಣ್ಣೆಯ ಟೋಪಿ, ಐವತ್ತರ ಆಸುಪಾಸಿನ ವಯಸ್ಸು. ಹೊಗೆ ಉಗುಳುವ ವಾಹನಗಳನ್ನು ತಾಜಿನ ಹತ್ತಿರ ಬಿಡುವುದಿಲ್ಲವಾದ್ದರಿಂದ ಕಾರನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಿದೆವು. ತಪಾಸಣೆ ಮುಗಿಸಿ ಹೆಬ್ಬಾಗಿಲಿನ ಕಮಾನು ದಾಟಿದರೆ ಎದುರಿಗೆ ಏನೂ ಇಲ್ಲ. ಕೋಟಿಗಟ್ಟಲೆ ಜನ ಬಾಯಿ ತೆರೆದು ನಿಂತ ಅದೇ ಜಾಗದಲ್ಲಿ ನಿಂತು ನಾವು ನೋಡಿದ್ದು, ನೆನೆಹಾಕಿದ ಬಿಳಿ ಪಂಚೆಯಂತಹ ಮಂಜನ್ನು.

ಗುಂಪಿನೊಂದಿಗೆ ಬಂದಿದ್ದರೆ ಇಷ್ಟಕ್ಕೇ ಫೋಟೋ ತೆಗೆಸಿ ಮುಂದೆ ದಬ್ಬುತ್ತಿದ್ದರು. ನಮ್ಮ ಗೈಡು ಮಾತ್ರ ಅವಸರವಿಲ್ಲ, ಒಂದು ಗಂಟೆ ಇಲ್ಲೇ ಕೂರೋಣ ಎಂದರು. ಕಾಣುತ್ತಿದ್ದುದು ಕಾಲಬುಡದ ಕಾಲುವೆ, ಅದರ ನಡುವೆ ಸಾಲಾಗಿ ನಿಂತ ಕಾರಂಜಿಗಳು, ಎರಡೂ ಬದಿಯ ಹಾದಿಗಿಂತ ತಗ್ಗಿನಲ್ಲಿದ್ದ ಹುಲ್ಲಿನ ಅಂಕಣಗಳು, ಇಷ್ಟೇ. ಅಮ್ಮ ಕಾಲುವೆಯ ಅಂಚಿಗೆ ಬಾಗಿ, ಬೆರಳನ್ನು ನೀರಿಗೆ ಅದ್ದಿ, ಸುತ್ತ ನೋಡಿ ಕೇಳಿದರು: "ಇಲ್ಲಿಗೆ ನೀರು ಎಲ್ಲಿಂದ ಬತ್ತು?"

ಗೈಡು ಆ ಹೊತ್ತಿಗೆ ಮುಮ್ತಾಜಳ ಕಥೆಯ ಮಧ್ಯದಲ್ಲಿದ್ದರು. 1631ರಲ್ಲಿ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ಆಕೆ ತೀರಿಕೊಂಡದ್ದು, ಶಹಜಹಾನನು ಮರುವರ್ಷವೇ ಇಲ್ಲಿ ಕೆಲಸ ಆರಂಭಿಸಿದ್ದು, ಇಡೀ ಆವರಣ ಮುಗಿಯುವಾಗ 1653 ಆದದ್ದು. ಪ್ರಶ್ನೆಯನ್ನು ನಾನು ಹಿಂದಿಗೆ ತಿರುಗಿಸಿದಾಗ ಅವರು ಕಥೆ ನಿಲ್ಲಿಸಿ ಅಮ್ಮನ ಮುಖ ನೋಡಿದರು. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ಇದನ್ನು ಮೊದಲ ಪ್ರಶ್ನೆಯಾಗಿ ಕೇಳಿದವರು ಇವರೇ ಎಂದರು. ಇದು ಎಲ್ಲ ಪ್ರವಾಸಿಗರಿಗೂ ಹೇಳುವ ಮಾತೇ ಇರಬಹುದು. ಆದರೆ ಆಮೇಲೆ ಅವರು ವಿವರಿಸಿದ ರೀತಿಯಲ್ಲಿ ಬಾಯಿಪಾಠದ ಛಾಯೆ ಇರಲಿಲ್ಲ.

ಯಮುನೆಯ ನೀರನ್ನು ನೆಲದ ಕಾಲುವೆಯಲ್ಲಿ ಒಂದೆಡೆಗೆ ತಂದು, ಎತ್ತುಗಳು ಎಳೆಯುವ ಹಗ್ಗಕ್ಕೆ ಕಟ್ಟಿದ ತೊಗಲಿನ ಚೀಲಗಳಿಂದ ಮೇಲೆತ್ತಿ, ಎತ್ತರದ ತೊಟ್ಟಿಗಳಲ್ಲಿ ತುಂಬಿ, ಅಲ್ಲಿಂದ ನೆಲದಡಿಯ ಕೊಳವೆಗಳಲ್ಲಿ ತೋಟಕ್ಕೆ ಬಿಡುತ್ತಿದ್ದರಂತೆ. ಬಯಲುಸೀಮೆಯವರು ಇದನ್ನು ಕಪಿಲೆ ಎನ್ನುತ್ತಾರೆ. ನಮ್ಮಲ್ಲಿ ಏತವೇ ಹೊರತು ಕಪಿಲೆ ಇಲ್ಲವಾದ್ದರಿಂದ ನಾನು ಕೈಯಲ್ಲೇ ಎತ್ತು, ಹಗ್ಗ, ಚೀಲಗಳನ್ನೆಲ್ಲ ಅಭಿನಯಿಸಿ ತೋರಿಸಬೇಕಾಯಿತು. ಕಾರಂಜಿಯ ಉಪಾಯ ಇನ್ನೂ ಜಾಣತನದ್ದು. ಕೊಳವೆಯನ್ನು ನೇರವಾಗಿ ಕಾರಂಜಿಗಳಿಗೆ ಜೋಡಿಸಿದರೆ ಮೊದಲಿನದು ಎತ್ತರಕ್ಕೆ ಚಿಮ್ಮಿ ಕೊನೆಯದು ತೊಟ್ಟಿಕ್ಕುತ್ತದೆ. ಅದಕ್ಕೆ ಪ್ರತಿ ಕಾರಂಜಿಯ ಅಡಿಗೂ ಒಂದು ತಾಮ್ರದ ಪಾತ್ರೆಯನ್ನಿಟ್ಟು, ಕೊಳವೆಯನ್ನು ಪಾತ್ರೆಗೆ ಜೋಡಿಸಿದರು. ಪಾತ್ರೆಗಳೆಲ್ಲ ತುಂಬಿದ ಮೇಲೆ ನೀರು ಎಲ್ಲ ಕಾರಂಜಿಗಳಲ್ಲೂ ಒಂದೇ ಹೊತ್ತಿಗೆ, ಒಂದೇ ಎತ್ತರಕ್ಕೆ ಏಳುತ್ತಿತ್ತು. ನಮ್ಮ ತೋಟದ ಸ್ಪ್ರಿಂಕ್ಲರಿನ ಕೊನೆಯ ಸಾಲಿಗೆ ನೀರು ಏರದೆ ಪ್ರತಿ ಬೇಸಿಗೆಯಲ್ಲೂ ಪಂಪಿಗೆ ಬೈಯುವ ಅಮ್ಮನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ನಾವು ಸುರಂಗದ ನೀರು ಕುಡಿದು ಬೆಳೆದವರು. ಮುರಕಲ್ಲಿನ ಗುಡ್ಡದೊಳಕ್ಕೆ ಆಳೆತ್ತರದ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ದಾರಿಯನ್ನು ಅಡ್ಡಲಾಗಿ ಕೊರೆದು, ಕಲ್ಲಿನಿಂದ ಜಿನುಗುವ ನೀರನ್ನು ಯಾವ ಯಂತ್ರವೂ ಇಲ್ಲದೆ ಹೊರಗೆ ಹರಿಸುವ ಈ ವಿದ್ಯೆ ನಮ್ಮ ಕಡೆಯ ಹತ್ತಾರು ಮನೆಗಳನ್ನು ಇಂದಿಗೂ ಸಲಹುತ್ತಿದೆ. ನಮ್ಮ ಮನೆಯದನ್ನು ಅಜ್ಜನ ಕಾಲದಲ್ಲಿ ಕೊರೆಸಿದ್ದು. ಅದರ ನೀರು ಹಿಂದೆ ಅಡಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ತಾನಾಗಿ ಅಂಗಳಕ್ಕೆ ಬರುತ್ತದೆ. ಆದ್ದರಿಂದ, ಒಂದು ಗೋರಿಯ ಮುಂದೆ ನೀರು ಕುಣಿಯಲೆಂದು ದಿನವಿಡೀ ಎತ್ತುಗಳು ಹಗ್ಗ ಎಳೆದವು ಎಂಬುದು ಅಮ್ಮನಿಗೆ ಬೆರಗಿನ ಜೊತೆಗೆ ಸ್ವಲ್ಪ ಅಸಮಾಧಾನವನ್ನೂ ತಂದಿತು.

ಎಂಟೂವರೆಯ ಹೊತ್ತಿಗೆ ಮಂಜು ಕೆಳಗಿನಿಂದ ಸಡಿಲಗೊಂಡಿತು. ಮೊದಲು ಜಗಲಿ, ಆಮೇಲೆ ಕಮಾನು ಕಂಡವು. ಗುಮ್ಮಟ ಬಹಳ ಹೊತ್ತು ಆಕಾಶದಲ್ಲೇ ಕರಗಿಕೊಂಡಿತ್ತು. ಒಳಗೆ ಹೋಗಲು ಬೇರೆ 200 ರೂಪಾಯಿಯ ಚೀಟಿ, ಕಾಲಿಗೆ ಬಟ್ಟೆಯ ಚೀಲ. ಗೋರಿಯ ಸುತ್ತಲಿನ ಜಾಲಂಧ್ರದ ಬಳಿ ಗೈಡು ಪುಟ್ಟ ಟಾರ್ಚನ್ನು ಒಂದು ಕೆಂಪು ಹೂವಿನ ಎಸಳಿಗೆ ಒತ್ತಿ ಹಿಡಿದರು. ಕಾರ್ನೀಲಿಯನ್ ಕಲ್ಲು ಕೆಂಡದಂತೆ ಒಳಗಿನಿಂದ ಹೊತ್ತಿಕೊಂಡಿತು. ಪಕ್ಕದಲ್ಲಿದ್ದ ಬದಕ್ಷಾನದ ನೀಲಿ ಕಲ್ಲು ಬೆಳಕನ್ನು ನುಂಗಿ ಸುಮ್ಮನಿತ್ತು. ಮಕ್ರಾನಾದ ಬಿಳಿ ಅಮೃತಶಿಲೆ ಹಾಲಿನ ಕೆನೆಯಂತೆ ಹೊಳೆಯಿತು. ಮುರಕಲ್ಲಿನ ತೂತುಗಳಲ್ಲಿ ಬೆರಳಾಡಿಸಿ ಬೆಳೆದ ನಮಗೆ ಇದು ಕಲ್ಲೆಂದು ನಂಬುವುದೇ ಕಷ್ಟ.

ಹೊರಗೆ ನದಿಯ ಕಡೆಯ ಜಗಲಿಯಲ್ಲಿ ನಿಂತಾಗ ಗೈಡು ಇನ್ನೊಂದು ವಿಷಯ ಹೇಳಿದರು. ನದಿಯಂಚಿನ ಮರಳಿನಲ್ಲಿ ಇಷ್ಟು ಭಾರ ನಿಲ್ಲಬೇಕಾದ್ದರಿಂದ ಮೊದಲು ಅಲ್ಲಿ ಬಾವಿಗಳನ್ನು ಇಳಿಸಿ, ಅವನ್ನು ಕಲ್ಲು ಗಾರೆಗಳಿಂದ ತುಂಬಿ, ಅದರ ಮೇಲೆ ಅಡಿಪಾಯ ಹಾಕಿದ್ದಾರೆ. ನೀರಿಗಾಗಿ ಅಲ್ಲದೆ ಮುಚ್ಚುವುದಕ್ಕಾಗಿಯೇ ಬಾವಿ ತೋಡಿದವರ ಸುದ್ದಿಯನ್ನು ಅಮ್ಮ ಇದೇ ಮೊದಲು ಕೇಳಿದ್ದು. ಕೆಲಸಗಾರರ ಕೈಗಳನ್ನು ಕಡಿಸಿದ ಕಥೆಯೂ ಅಲ್ಲೇ ಬಂತು. ಅದಕ್ಕೆ ಯಾವ ದಾಖಲೆಯೂ ಇಲ್ಲ, ಆದರೆ ಹೇಳದಿದ್ದರೆ ಜನ ಮುಖ ಸಣ್ಣ ಮಾಡುತ್ತಾರೆ ಎಂದು ಗೈಡೇ ನಕ್ಕರು. ಅಮ್ಮ ಆಗ ಏನೂ ಹೇಳಲಿಲ್ಲ.

ಆಗ್ರಾದ ಕೋಟೆಯನ್ನು ಅಕ್ಬರನು 1565ರಲ್ಲಿ ಕೆಂಪು ಮರಳುಗಲ್ಲಿನಿಂದ ಕಟ್ಟಿಸತೊಡಗಿದ. ದೂರದಿಂದ ಆ ಬಣ್ಣ ನಮ್ಮ ಬೇಕಲ ಕೋಟೆಯನ್ನು ನೆನಪಿಸುತ್ತದೆ, ಹತ್ತಿರ ಹೋದರೆ ಹೋಲಿಕೆ ಮುಗಿಯುತ್ತದೆ. ಕೆಳದಿಯ ಶಿವಪ್ಪ ನಾಯಕನು ಬೇಕಲದಲ್ಲಿ ಮುರಕಲ್ಲನ್ನು ಜೋಡಿಸುತ್ತಿದ್ದುದು ಸುಮಾರಾಗಿ 1650ರಲ್ಲಿ, ಅಂದರೆ ಇತ್ತ ತಾಜಿನ ಕೊನೆಯ ಕೆಲಸಗಳು ನಡೆಯುತ್ತಿದ್ದಾಗಲೇ ಎಂಬುದನ್ನು ನಾನು ಶಾಲೆಯಲ್ಲಿ ಎಂದೂ ಹೊಂದಿಸಿ ನೋಡಿರಲಿಲ್ಲ. ಕೋಟೆಯ ಒಳಗಿನ ಅರಮನೆಗಳನ್ನು ಬೇಗ ದಾಟಿದೆವು. ಅಮ್ಮನ ಕಾಲು ಆಗಲೇ ದೂರು ಹೇಳುತ್ತಿತ್ತು. ಶಹಜಹಾನನನ್ನು ಮಗನಾದ ಔರಂಗಜೇಬನು 1658ರಿಂದ ಅವನು ಸಾಯುವವರೆಗೆ, ಎಂಟು ವರ್ಷ, ಇಲ್ಲಿ ಸೆರೆಯಲ್ಲಿ ಇಟ್ಟಿದ್ದ, ಈ ಬುರುಜಿನಿಂದ ತಾಜು ಕಾಣುತ್ತದೆ ಎಂದು ಗೈಡು ಧ್ವನಿ ತಗ್ಗಿಸಿ ಹೇಳಿದ್ದನ್ನು ನಾನು ಎರಡೇ ವಾಕ್ಯದಲ್ಲಿ ಮುಗಿಸಿದೆ.

ಅಮ್ಮನ ಗಮನವನ್ನು ಕಟ್ಟಿ ನಿಲ್ಲಿಸಿದ್ದು ಜಹಾಂಗೀರಿ ಮಹಲಿನ ಎದುರಿಗಿರುವ ಕಲ್ಲಿನ ಹೌಜು. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 5 ಅಡಿ ಎತ್ತರ, 8 ಅಡಿ ಅಗಲ, ಹತ್ತಲು ಹೊರಗೆ ಮೆಟ್ಟಿಲು, ಇಳಿಯಲು ಒಳಗೆ ಮೆಟ್ಟಿಲು. ಜಹಾಂಗೀರನ ಕಾಲದ, ಸುಮಾರು 1610ರ ವಸ್ತು. ಬಾದಶಹನ ಸ್ನಾನದ ತೊಟ್ಟಿ ಎಂದು ಗೈಡು ಹೇಳಿದರೆ, ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು "ಇದು ನಮ್ಮ ಹಟ್ಟಿಯ ಬಾನಿಯ ಹಾಂಗೇ ಇದ್ದು" ಎಂದರು. ನಾನು ಇದನ್ನು ಹಿಂದಿಗೆ ತಿರುಗಿಸಲಿಲ್ಲ. ಅಮ್ಮನ ಮುಖ ನೋಡಿಯೇ ಗೈಡಿಗೆ ಅರ್ಥವಾಗಿರಬೇಕು, ಏನೆಂದರು, ಏನೆಂದರು ಎಂದು ಪಟ್ಟು ಹಿಡಿದು ಕೇಳಿದರು. ಎಮ್ಮೆಗೆ ಅಕ್ಕಚ್ಚು ಹಾಕುವ ಕಲ್ಲಿನ ತೊಟ್ಟಿ ಎಂದು ವಿವರಿಸಿದಾಗ ಅವರಿಗೆ ಬಂದ ನಗು ಕೋಟೆಯ ಬಾಗಿಲು ದಾಟುವವರೆಗೂ ನಿಂತಿರಲಿಲ್ಲ.

ಊಟವಾದ ಮೇಲೆ, ಪಟ್ಟಿಯಲ್ಲಿ ಬರೆದಿರದ ಒಂದು ಅಮೃತಶಿಲೆಯ ಅಂಗಡಿಗೆ ಕಾರು ತಿರುಗಿತು. ಹತ್ತೇ ನಿಮಿಷ ಎಂದವರು ಮುಕ್ಕಾಲು ಗಂಟೆ ಕೂರಿಸಿದರು. ಚಿಕ್ಕ ಸಾಣೆಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಉಗುರಿನಷ್ಟು ಕಲ್ಲನ್ನು ಎಸಳಿನ ಆಕಾರಕ್ಕೆ ಸವೆಸುತ್ತಿದ್ದ ಕುಶಲಕರ್ಮಿಯನ್ನು ನೋಡಿದ್ದು ಸಾರ್ಥಕವೇ. ಅದರ ನಂತರದ ಚಹಾ, ತಟ್ಟೆಗಳ ಸಾಲು, ನಮಗಾಗಿ ಮಾತ್ರವೆಂದು ಇಳಿಯುತ್ತ ಬಂದ ಬೆಲೆ ಇವು ಬೇಡವಾಗಿದ್ದವು. ಖಾಸಗಿ ಪ್ರವಾಸಕ್ಕೆ ಹಣ ಕೊಟ್ಟವರು ಇಂತಹ ನಿಲುಗಡೆ ಬೇಡವೆಂದು ಬೆಳಿಗ್ಗೆಯೇ ಖಂಡಿತವಾಗಿ ಹೇಳಬೇಕು. ನಾನು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಿದ್ದೆ, ಅದರ ದಂಡವಾಗಿ ಆರಾಮ್ ಬಾಗಿನ ಭೇಟಿ ಕೈಬಿಟ್ಟುಹೋಯಿತು. ಮೊದಲ ಮೊಘಲ ದೊರೆ ಬಾಬರನು, ಈ ದೇಶದಲ್ಲಿ ತೋಟಗಳಿಗೆ ಹರಿಯುವ ನೀರೇ ಇಲ್ಲವೆಂದು ತನ್ನ ಆತ್ಮಕಥನದಲ್ಲಿ ಗೊಣಗಿಕೊಂಡವನು, ಆಗ್ರಾದ ಹೊಳೆಯಾಚೆ ಬಾವಿ ತೋಡಿಸಿ ತೋಟ ಹಾಕಿದವನು. ಆರಾಮ್ ಬಾಗ್ ಅವನದೇ ತೋಟವೆಂಬ ಪ್ರತೀತಿಯಿದೆ. ಅಮ್ಮನ ಪ್ರಶ್ನೆಯನ್ನು ಅವರಿಗಿಂತ ಐನೂರು ವರ್ಷ ಮೊದಲೇ ಕೇಳಿದ್ದವನ ಜಾಗವನ್ನು ಬಿಟ್ಟು ಬಂದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಇತ್ಮಾದುದ್ದೌಲನ ಗೋರಿಗೆ ಮಾತ್ರ ಸಮಯ ಉಳಿಯಿತು. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಕಟ್ಟಡ ಅದೇ. ಜಹಾಂಗೀರನ ಹೆಂಡತಿ ನೂರ್‌ಜಹಾನಳು, ಇತ್ಮಾದುದ್ದೌಲ ಎಂಬ ಬಿರುದಿದ್ದ ತನ್ನ ತಂದೆ ಮಿರ್ಜಾ ಗಿಯಾಸ್ ಬೇಗನಿಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ್ದು. ಅಂದರೆ ತಾಜಿಗಿಂತ ಹಿಂದಿನದು. ಅದನ್ನು ಮರಿ ತಾಜು ಎಂದು ಕರೆಯುವುದು ಅಜ್ಜಿಯನ್ನು ಮೊಮ್ಮಗಳೆಂದು ಕರೆದ ಹಾಗೆ. ಜನಸಂದಣಿ ಇರಲಿಲ್ಲ. ಗೋಡೆಯಲ್ಲಿ ಕೂಡಿಸಿದ ಬಣ್ಣದ ಕಲ್ಲುಗಳಲ್ಲಿ ಸರುವೆ ಮರ, ದಾಳಿಂಬೆ, ಉದ್ದ ಕುತ್ತಿಗೆಯ ಹೂಜಿಗಳು. ಅಮ್ಮ ಕಟ್ಟೆಯ ಮೇಲೆ ಕುಳಿತು, ಕಣ್ಣಿನ ಮಟ್ಟದಲ್ಲೇ ಇದ್ದ ಒಂದು ಹೂಜಿಯನ್ನು ಮುಟ್ಟದೆ ಬೆರಳಿನಿಂದ ಗಾಳಿಯಲ್ಲಿ ಅದರ ಅಂಚನ್ನು ಗುರುತಿಸುತ್ತ, ಪೂಜೆಯ ಗಿಂಡಿಗೆ ಇರುವಂತಹ ಮೂತಿ ಇದಕ್ಕೆ ಯಾಕಿಲ್ಲ ಎಂದು ವಿಚಾರಿಸಿದರು. ಗೈಡಿನ ಬಳಿ ಉತ್ತರವಿರಲಿಲ್ಲ.

ಸೂರ್ಯಾಸ್ತಕ್ಕೆ ಯಮುನೆಯ ಈಚೆ ದಡದ ಮೆಹ್ತಾಬ್ ಬಾಗಿಗೆ ಬಂದೆವು. ಶಹಜಹಾನನು ಕರಿಯ ತಾಜಮಹಲನ್ನು ಇಲ್ಲಿ ಕಟ್ಟುವವನಿದ್ದನೆಂಬ ಕಥೆ ಹಳೆಯದು. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕಿದ್ದು ಗೋರಿಯ ಅಡಿಪಾಯವಲ್ಲ, ತೋಟ ಮತ್ತು ದೊಡ್ಡ ಎಂಟು ಮೂಲೆಯ ಕೊಳ. ತಾಜಿನ ಪ್ರತಿಬಿಂಬ ಬೀಳುವಂತೆ ಅದಕ್ಕೆ ನೇರವಾಗಿ ತೋಡಿದ ಕೊಳ. ನಡುವೆ ಯಮುನೆ ಸೊರಗಿ, ಬೂದುಬಣ್ಣದ ಮರಳಿನ ನಡುವೆ ಹರಿಯುತ್ತಿತ್ತು. ಆ ನದಿ ಒಂದು ಕಾಲದಲ್ಲಿ ಈ ತೋಟವನ್ನೇ ಮುಳುಗಿಸಿತ್ತು ಎಂದ ಗೈಡು, ಔರಂಗಜೇಬನು 1652ರಲ್ಲಿ ದಖ್ಖನ್ನಿಗೆ ಹೋಗುವ ದಾರಿಯಲ್ಲಿ ಇಲ್ಲಿ ತಂಗಿ ತಂದೆಗೆ ಬರೆದ ಪತ್ರದ ವಿಷಯ ತೆಗೆದರು. ಮೆಹ್ತಾಬ್ ಬಾಗು ನೆರೆನೀರಿನಲ್ಲಿ ಮುಳುಗಿದೆ, ಮಳೆಗಾಲದಲ್ಲಿ ತಾಜಿನ ಗುಮ್ಮಟ ಸೋರುತ್ತಿದೆ, ದುರಸ್ತಿಯಾಗಬೇಕು ಎಂಬುದು ಅದರ ಸಾರಾಂಶ.

ಇದನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಮ್ಮ ನೆಟ್ಟಗೆ ಕುಳಿತರು. ತಾಜಮಹಲು ಸೋರಿತ್ತೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸದವರ ಕೈ ಕಡಿಸಿದ್ದರೆ ಸೋರುವ ಮಾಡನ್ನು ಸರಿ ಮಾಡಿದ್ದು ಯಾರು ಎಂದು ಕೇಳಿದರು. ಬೆಳಿಗ್ಗೆ ಕೇಳಿದ ಕಥೆಯನ್ನು ಅವರು ಇಡೀ ದಿನ ಸೊಂಟದಲ್ಲಿ ಕಟ್ಟಿಕೊಂಡು ತಿರುಗಿದ್ದರು. ಗೈಡು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಆ ಮಾತನ್ನು ಹಿಂದಿಯಲ್ಲಿ ಬರೆದುಕೊಂಡರು.

ಹಿಂತಿರುಗುವಾಗ ಮಂಗಳಾ ಎಕ್ಸ್‌ಪ್ರೆಸ್ಸು ಬುರ್ಹಾನ್‌ಪುರವನ್ನು ಹಾದುಹೋಗುತ್ತದೆ. ಮುಮ್ತಾಜಳನ್ನು ಮೊದಲು ಮಣ್ಣು ಮಾಡಿದ್ದು ಆ ಊರಿನಲ್ಲಿ. ಅದೇ ಊರಿನಲ್ಲಿ, ಅದಕ್ಕೂ ಹದಿನಾರು ವರ್ಷ ಮೊದಲು, 1615ರಲ್ಲಿ, ಸಾತ್ಪುರ ಬೆಟ್ಟಗಳ ಅಂತರ್ಜಲವನ್ನು ನೆಲದೊಳಗಿನ ಸುರಂಗದ ಮೂಲಕ, ಸಾಲು ಬಾವಿಗಳನ್ನು ಒಂದಕ್ಕೊಂದು ಜೋಡಿಸಿ, ಯಾವ ಎತ್ತೂ ಎಳೆಯದೆ ಪೇಟೆಗೆ ಹರಿಸುವ ಕುಂಡಿ ಭಂಡಾರವನ್ನು ಮೊಘಲ ಸುಬೇದಾರ ಅಬ್ದುಲ್ ರಹೀಮ್ ಖಾನ್‌ಖಾನಾನನ ಕಾಲದಲ್ಲಿ ಪರ್ಷಿಯದ ತಜ್ಞನೊಬ್ಬ ಕಟ್ಟಿದ. ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ಅಮ್ಮ ಕನ್ನಡಕ ಏರಿಸಿ ನೋಡಿ, ಇದನ್ನು ಬಿಟ್ಟು ನನ್ನನ್ನು ಗೋರಿಗಳಿಗೆ ಕರೆದುಕೊಂಡು ಹೋದೆಯಾ ಎಂದು ಗದರಿದರು.

ಊರಿಗೆ ಬಂದ ಮರುವಾರ, ಕಳೆದ ಮಳೆಗಾಲದಲ್ಲಿ ಸೋರಿದ್ದ ನಮ್ಮ ಹೊಸ ತಾರಸಿಯನ್ನು ನೋಡಲು ಮೇಸ್ತ್ರಿ ಬಂದಿದ್ದರು. ಅಮ್ಮ ಅವರಿಗೆ ಚಹಾ ಕೊಡುತ್ತ ತಾಜಮಹಲಿನ ಸಂಗತಿಯನ್ನು ಪೂರ್ತಿಯಾಗಿ, ನನಗಿಂತ ಚೆನ್ನಾಗಿ, ತುಳುವಿನಲ್ಲಿ ಹೇಳಿದರು. ಮೇಸ್ತ್ರಿ ಲೋಟ ಕೆಳಗಿಟ್ಟು, ಹಾಗಾದರೆ ಅವರು ಆಮೇಲೆ ಅದಕ್ಕೆ ಏನು ಹಾಕಿದರು ಎಂದು ಕೇಳಿದರು.