ಒಂದು ಪೈನ್ ಹಲಗೆ

ನಮ್ಮ ವಾಸ್ತುಶಿಲ್ಪ ಕಾಲೇಜಿನ ಡ್ರಾಯಿಂಗ್ ಹಾಲಿನಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ಗೆರೆ. ಐದು ವರ್ಷ ಹಾಗೆಯೇ ಎಳೆದೆ. ಆ ಗೆರೆಗಳ ನಡುವೆ ಇರುವುದೇನು, ಅದು ಬಂದದ್ದೆಲ್ಲಿಂದ ಎಂದು ಕೇಳಿಕೊಂಡದ್ದು ಸ್ನಾತಕೋತ್ತರ ಓದಿಗೆ ಬಾರ್ಸಿಲೋನಾಕ್ಕೆ ಹೋದ ಮೇಲೆ.

ನಾನು ಸೇರಿದ ಐಎಎಸಿ, ಅಂದರೆ ಕಟಲೋನಿಯಾದ ಉನ್ನತ ವಾಸ್ತುಶಿಲ್ಪ ಸಂಸ್ಥೆ, 2001ರಲ್ಲಿ ಆರಂಭವಾದದ್ದು. ಅದರ ಮುಖ್ಯ ಕಟ್ಟಡ ನಗರದ ಪೊಬ್ಲೆನೋ ಬಡಾವಣೆಯಲ್ಲಿದೆ. ನಮ್ಮ ತರಗತಿಗಳು ಮಾತ್ರ ಕೊಲ್ಸೆರೋಲಾ ಬೆಟ್ಟದ ಕಾಡಿನೊಳಗೆ, ವಾಲ್‌ದೌರಾದಲ್ಲಿ. ಒಂದು ಹಳೆಯ ತೋಟದ ಮನೆ, ಮರಗೆಲಸದ ಕಾರ್ಯಾಗಾರ, ಕಂಪ್ಯೂಟರ್ ನಕ್ಷೆಯಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರ, ಸುತ್ತಲೂ ಅಲೆಪ್ಪೊ ಪೈನ್. ವಾಸವೂ ಅಲ್ಲೇ, ಸರದಿಯ ಮೇಲೆ ಅಡುಗೆಯೂ ನಮ್ಮದೇ.

ಕಟ್ಟುವುದಕ್ಕೆ ಅದೇ ಕಾಡಿನ ಮರ ಎಂದಾಗ ಮಲೆನಾಡಿನವಳಾದ ನನಗೆ ಮನಸ್ಸು ಒಪ್ಪಲಿಲ್ಲ. ಕಾಡಿನಲ್ಲಿ ನಡೆದ ಮೇಲೆ ಅರ್ಥವಾಯಿತು. ಒತ್ತೊತ್ತಾಗಿ ಬೆಳೆದ ಪೈನ್‌ಗಳು ಬೆಳಕಿಗೆ ಪೈಪೋಟಿ ನಡೆಸಿ ಸೊರಗುತ್ತವೆ, ಬೇಸಿಗೆಯಲ್ಲಿ ಬೆಂಕಿಗೆ ಆಹಾರವಾಗುತ್ತವೆ. ಆರಿಸಿ ಕಡಿದರೆ ಉಳಿದವು ಚೇತರಿಸಿಕೊಳ್ಳುತ್ತವೆ. ನನಗಿಂತ ಮುಂಚಿನ ತಂಡದವರು 2020ರ ಲಾಕ್‌ಡೌನ್ ಕಾಲದಲ್ಲಿ ವಾಕ್ಸೆಲ್ ಎಂಬ 12 ಚದರ ಮೀಟರಿನ ಮರದ ಕೋಣೆಯನ್ನು ಕಟ್ಟಿದ್ದು ಹೀಗೆಯೇ, ಒಂದು ಕಿಲೋಮೀಟರ್ ಒಳಗಿನ ಮರಗಳಿಂದ. ಯಾವ ಹಲಗೆ ಯಾವ ಮರದ್ದು ಎಂಬ ಲೆಕ್ಕವೂ ಅವರಲ್ಲಿತ್ತು. ಮೊದಲ ಸಲ ಅದರೊಳಗೆ ನಿಂತಾಗ ನಾನು ಗೋಡೆಯನ್ನು ಮುಟ್ಟಿಕೊಂಡೇ ಒಂದು ಸುತ್ತು ಬಂದೆ.

ಒಣಗುವಾಗ ಮರ ತನ್ನ ನಾರಿನ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದಲೇ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿ ಒತ್ತುತ್ತಾರೆ. ಒಂದು ಪದರ ಅಲುಗದಂತೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಒಣಗಿಸಬೇಕು. ನನಗೆ ತಾಳ್ಮೆ ಸಾಲಲಿಲ್ಲ. ಪೂರ್ತಿ ಒಣಗದ ಹಲಗೆಯೊಂದರಲ್ಲಿ ಜೋಡಣೆಯ ತೋಡು ಕೊರೆಸಿದೆ. ಯಂತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡು ವಾರದಲ್ಲಿ ಹಲಗೆ ದೋಣಿಯಂತೆ ಬಾಗಿತು, ತೋಡು ಬಿಗಿದುಕೊಂಡಿತು, ಅದರಲ್ಲಿ ಕೂರಬೇಕಾದ ಇನ್ನೊಂದು ಹಲಗೆಯ ನಾಲಿಗೆ ಒಳಗೆ ಹೋಗಲೇ ಇಲ್ಲ. ಕಂಪ್ಯೂಟರಿನ ನಕ್ಷೆಯಲ್ಲಿ ಅದು ಇನ್ನೂ ಸರಿಯಾಗಿಯೇ ಕೂತಿತ್ತು. ಹಲಸಿನ ಹಲಗೆಯನ್ನು ವರ್ಷಗಟ್ಟಲೆ ಅಟ್ಟದ ಮೇಲಿಡುತ್ತಿದ್ದ ನಮ್ಮೂರ ಬಡಗಿ, ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ಕೇಳಿ, "ಇನ್ನೂ ನೀರಿದೆ" ಎಂದು ಮತ್ತೆ ಮೇಲಕ್ಕೇರಿಸುತ್ತಿದ್ದುದು ಆಗ ನೆನಪಾಯಿತು. ಅವರ ಕಿವಿ ಹೇಳುತ್ತಿದ್ದುದನ್ನು ನಾನು ತೇವಾಂಶ ಮಾಪಕದಲ್ಲಿ ಓದಲು ಕಲಿತೆ.

ಅಲ್ಲಿ ಮಣ್ಣಿನ ಕೆಲಸವೂ ಉಂಟು. 2022ರಲ್ಲಿ ತೋವಾ ಎಂಬ ಪುಟ್ಟ ಕಟ್ಟಡದ ಗೋಡೆಗಳನ್ನು ಸುತ್ತಲಿನ 50 ಮೀಟರ್ ದೂರದೊಳಗೇ ಸಿಕ್ಕ ಮಣ್ಣಿನಿಂದ 3ಡಿ ಯಂತ್ರದಲ್ಲಿ ಮುದ್ರಿಸಿದರು. ಯಂತ್ರದ ಮೂತಿಯಿಂದ ಮಣ್ಣು ಚಕ್ಕುಲಿಯಂತೆ ಸುತ್ತುಸುತ್ತಾಗಿ ಇಳಿದು ಗೋಡೆಯಾಗುತ್ತದೆ. ನಮ್ಮ ಕಾಲೇಜಿನವರು ಯಾರಾದರೂ ಕೆಮ್ಮಣ್ಣಿನಲ್ಲಿ ಇದನ್ನು ಮಾಡಿ ನೋಡಬೇಕೆಂಬುದು ನನ್ನ ದೊಡ್ಡ ಆಸೆ.

ಕೆಟ್ಟ ಆ ಹಲಗೆಯಿಂದ ಒಂದು ಗೇಣು ಕತ್ತರಿಸಿ ಊರಿಗೆ ತಂದಿದ್ದೇನೆ. ಅದರ ಮೇಲೆ ಮರದ ಸಂಖ್ಯೆ ಇನ್ನೂ ಅಳಿಸಿಲ್ಲ. ನಮ್ಮೂರು ಸಾಗರದ ಆಷಾಢ ಮಳೆಯಲ್ಲಿ ತೋಡು ತುಸು ಅಗಲವಾಗುತ್ತದೆ, ಮಾಘದ ಹೊತ್ತಿಗೆ ಮತ್ತೆ ಕಿರಿದಾಗುತ್ತದೆ. ಕ್ಯಾಲಿಪರ್ ಹಿಡಿದು ಅಳೆದು, ದಿನಾಂಕದೊಂದಿಗೆ ಹಲಗೆಯ ಹಿಂಬದಿಯಲ್ಲೇ ಬರೆದಿಡುತ್ತೇನೆ.