ಪುರಾಣ ಕೇಳಿದ ಹಾಗೆ ಇಂಗ್ಲಿಷ್ ಪದ ಕಲಿತದ್ದು

ಕಲಬುರಗಿಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ ಕೋಚಿಂಗ್‌ನಲ್ಲಿ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅರ್ಥ. ದಿನಕ್ಕೆ 50 ಪದ ಬಾಯಿಪಾಠ ಮಾಡಿ ಮರುದಿನ ಒಪ್ಪಿಸಬೇಕು. ನಾನೂ ಮಾಡಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಮೊದಲ ದಿನದ 50ರಲ್ಲಿ ನಾಲ್ಕೋ ಐದೋ ತಲೆಯಲ್ಲಿ ಉಳಿದಿದ್ದವು. ನಮ್ಮ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಹುಡುಗ ಹುಡುಗಿಯರು ಹೀಗೇ ಬಾಯಿಪಾಠ ಮಾಡಿ, ಮರೆತು, ಕೊನೆಗೆ ನಮಗೆ ಇಂಗ್ಲಿಷ್ ಬರುವುದೇ ಇಲ್ಲ ಅಂತ ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ನಮ್ಮೂರು ಮಳಖೇಡದ ಹತ್ತಿರ. ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಹಾರ್ಮೋನಿಯಂ, ತಬಲಾ ಜೊತೆ ಒಬ್ಬರು ಷಟ್ಪದಿ ಹಾಡುತ್ತಾರೆ, ಶಾಸ್ತ್ರಿಗಳು ಅದನ್ನು ಬಿಡಿಸಿ ಹೇಳುತ್ತಾರೆ. ಒಂದು ವರ್ಷ ಭೀಮಕವಿಯ ಬಸವಪುರಾಣ ಹಚ್ಚಿದ್ದರು. ಅದು 1369ರ ಕಾವ್ಯ, ಅದರಲ್ಲಿ ಇವತ್ತು ಯಾರೂ ಬಳಸದ ಪದಗಳು ಬೇಕಾದಷ್ಟಿವೆ. ನಮ್ಮ ಮುತ್ಯಾಗೆ, ಅಂದರೆ ಅಜ್ಜನಿಗೆ, ಸಹಿ ಮಾಡಲಿಕ್ಕೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು, ಆದರೆ ಆ ಹಳೆಯ ಪದಗಳೆಲ್ಲ ಅವರಿಗೆ ಗೊತ್ತಿದ್ದವು, ಹೊಲದಲ್ಲಿ ಮಾತಾಡುವಾಗಲೂ ನಡುವೆ ಒಂದೊಂದು ಬಂದುಬಿಡುತ್ತಿತ್ತು. ನಾನು ಸಣ್ಣವಳಿದ್ದಾಗ ಇದು ತಿಳಿಯಲ್ಲ ಅಂತ ಎದ್ದು ಹೊರಟರೆ ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದರು. "ಮೊದಲು ಕೇಳವ್ವಾ, ಅರ್ಥ ಆಮ್ಯಾಲ ತಾನೇ ಬರ್ತದ." ಒಂಬತ್ತನೇ ಶತಮಾನದಲ್ಲಿ ಇದೇ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದ ಜನ ಓದದೆಯೂ ಕಾವ್ಯ ಬಲ್ಲವರು ಅನ್ನುತ್ತದಲ್ಲ, ನನಗೆ ಆ ಮಾತು ಓದಿದಾಗೆಲ್ಲ ಮುತ್ಯಾ ಕಣ್ಣ ಮುಂದೆ ಬರುತ್ತಾರೆ.

ಇಂಗ್ಲಿಷ್ ಕವಿ ಮಿಲ್ಟನ್‌ನ ಪುಸ್ತಕ ಕೈಗಿಟ್ಟದ್ದು ನಮ್ಮ ಕಾಕಾನ ಮಗ, ಇಂಗ್ಲಿಷ್ ಎಂ.ಎ. ಮಾಡಿದ ಅಣ್ಣ. ಪ್ಯಾರಡೈಸ್ ಲಾಸ್ಟ್, ಬೈಬಲ್‌ನ ಆದಾಮ ಹವ್ವ ಬೇಡವೆಂದ ಹಣ್ಣು ತಿಂದು ದೇವರ ತೋಟ ಕಳೆದುಕೊಂಡ ಕಥೆ. 1667ರಲ್ಲಿ ಮೊದಲು ಅಚ್ಚಾದಾಗ ಹತ್ತು ಭಾಗ, 1674ರಲ್ಲಿ ಹನ್ನೆರಡು, ನಮ್ಮ ಲೆಕ್ಕದಲ್ಲಿ ಸಂಧಿ ಅನ್ನಿ. ಹತ್ತು ಸಾವಿರಕ್ಕೂ ಜಾಸ್ತಿ ಸಾಲು. ಪಟ್ಟಿಯ ಪುಸ್ತಕವೇ ತಲೆಗೆ ಹತ್ತದವಳಿಗೆ ಇದನ್ನು ಕೊಟ್ಟರೆ ಹೇಗೆ ಅಂತ ಕೇಳಿದೆ. ಅಣ್ಣ ಉತ್ತರ ಕೊಡಲಿಲ್ಲ, ಶಹಾಬಾದ್ ಕಲ್ಲಿನ ಮಾಳಿಗೆ ಮೇಲೆ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದ. ಪ್ರತಿ ಸಾಲಿಗೂ ಹೆಚ್ಚುಕಡಿಮೆ ಹತ್ತು ಉಚ್ಚಾರ, ಒಂದು ಮೆಲ್ಲಗೆ, ಒಂದು ಒತ್ತಿ. ಬೆರಳಲ್ಲಿ ಕಲ್ಲಿಗೆ ತಾಳ ಬಡಿಯುತ್ತಿದ್ದ. ಕವಿ ಕಣ್ಣು ಕಳೆದುಕೊಂಡ ಮೇಲೆ ಬಾಯಲ್ಲಿ ಹೇಳಿ ಬರೆಸಿದ ಕಾವ್ಯ ಅದು. ಅಂದರೆ ಹುಟ್ಟಿದ್ದೇ ಬಾಯಿಂದ. ಅದನ್ನು ಸುಮ್ನೆ ಕಣ್ಣಲ್ಲಿ ಓದಿಕೊಂಡರೆ ಅರ್ಧ ಹೋಯಿತು.

ಇನ್ನೊಂದು ವಿಷಯ ನನಗೆ ಆ ದಿನವೇ ಹೊಳೆಯಿತು. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಬೇಗ ಬರುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೆವು. ಇಲ್ಲಿ ಕಾವ್ಯದ ಮೊದಲ ವಾಕ್ಯದಲ್ಲಿ ಮನುಷ್ಯನ ಮೊದಲ ತಪ್ಪು, ಆ ಹಣ್ಣು, ಸಾವು, ಕಳೆದುಹೋದ ತೋಟ ಎಲ್ಲ ಬಂದು ಹೋದ ಮೇಲೆ, ಆರನೇ ಸಾಲಿನಲ್ಲಿ 'ಸಿಂಗ್', ಅಂದರೆ 'ಹಾಡು' ಅನ್ನುವ ಮುಖ್ಯ ಕ್ರಿಯಾಪದ ಬರುತ್ತದೆ. ಇದು ನಮ್ಮ ರೀತಿ ಅಲ್ವಾ? ನಾವು ಹುಟ್ಟಿದಾಗಿನಿಂದ ಕ್ರಿಯಾಪದಕ್ಕೆ ಕೊನೆತನಕ ಕಾಯುವವರು. ಮಿಲ್ಟನ್‌ನ ವಾಕ್ಯ ಉದ್ದ ಅಂತ ಜನ ಹೆದರುತ್ತಾರೆ, ಕನ್ನಡದವರು ಹೆದರಬೇಕಾಗಿಲ್ಲ.

ಈಗ ಪದಗಳಿಗೆ ಬರೋಣ. 'ಪ್ಯಾಂಡಮೋನಿಯಂ'. ಸದನದಲ್ಲಿ ಗದ್ದಲ ಎದ್ದಾಗ ಇಂಗ್ಲಿಷ್ ಪತ್ರಿಕೆಗಳು ಬಳಸುವ ಪದ. ಕೋಚಿಂಗ್ ಪುಸ್ತಕದಲ್ಲಿ ಇದರ ಮುಂದೆ 'ಗದ್ದಲ' ಅಂತ ಮಾತ್ರ ಇತ್ತು. ಈ ಪದ ಕಟ್ಟಿದ್ದೇ ಮಿಲ್ಟನ್. ಸ್ವರ್ಗದಿಂದ ಬಿದ್ದ ಸೈತಾನನ ಕಡೆಯವರು ನರಕದಲ್ಲಿ ಒಂದು ಅರಮನೆ ಎಬ್ಬಿಸುತ್ತಾರೆ, ಅದರ ಹೆಸರು ಅದು. ಗ್ರೀಕ್‌ನಲ್ಲಿ 'ಪ್ಯಾನ್' ಅಂದರೆ ಎಲ್ಲ, ಉಳಿದದ್ದು ದೆವ್ವ. ಎಲ್ಲ ದೆವ್ವಗಳೂ ಸೇರುವ ಜಾಗ! ಎರಡನೇ ಸಂಧಿಯಲ್ಲಿ ಅಲ್ಲಿ ಸಭೆಯೇ ನಡೆಯುತ್ತದೆ. ಒಬ್ಬ ಯುದ್ಧ ಮಾಡೋಣ ಅನ್ನುತ್ತಾನೆ, ಒಬ್ಬ ಸುಮ್ಮನೆ ಕೂರೋಣ, ಮತ್ತೊಬ್ಬ ಇಲ್ಲೇ ಚಿನ್ನ ಅಗೆದು ಬದುಕು ಕಟ್ಟಿಕೊಳ್ಳೋಣ ಅನ್ನುತ್ತಾನೆ. ಇಷ್ಟು ಕೇಳಿದ ಮೇಲೆ ಆ ಪದ ಮರೆಯಲು ಸಾಧ್ಯವೇ? ಅದೇ 'ಪ್ಯಾನ್' 2020ರಲ್ಲಿ ನಾವೆಲ್ಲ ಕಲಿತ 'ಪ್ಯಾಂಡೆಮಿಕ್'ನಲ್ಲೂ ಇದೆ, ಆದರೆ ಅಲ್ಲಿ ಮುಂದೆ ಇರುವುದು ದೆವ್ವ ಅಲ್ಲ, ಜನ.

ನಮ್ಮಲ್ಲೂ ಹೀಗೇ ಅಲ್ವಾ. ಕುಂಭಕರ್ಣ ನಿದ್ದೆ, ಭಗೀರಥ ಪ್ರಯತ್ನ, ತ್ರಿಶಂಕು ಸ್ಥಿತಿ. ಇವನ್ನು ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಕಥೆ ಬಂತು, ಕಥೆಯ ಬೆನ್ನಿಗೆ ಮಾತು ಬಂತು. ಗ್ರೀಕ್ ಕವಿ ಹೋಮರ್‌ನ ಇಲಿಯಡ್ ಅನ್ನುವ ಯುದ್ಧದ ಕಾವ್ಯದಲ್ಲಿ ಸ್ಟೆಂಟರ್ ಅಂತ ಒಬ್ಬ ಬರುತ್ತಾನೆ, ಅವನ ದನಿ ಐವತ್ತು ಜನರ ದನಿಯಷ್ಟು, ಅದಕ್ಕೇ ಗಂಟಲು ದೊಡ್ಡದಿರುವವರ ಧ್ವನಿ 'ಸ್ಟೆಂಟೋರಿಯನ್'. ಅವನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಯುದ್ಧಕ್ಕೆ ಹೊರಟ ರಾಜ ತನ್ನ ಮನೆ ನೋಡಿಕೊಳ್ಳಲು ಬಿಟ್ಟುಹೋದ ಗೆಳೆಯನ ಹೆಸರು ಮೆಂಟರ್, ಅಥೀನಾ ಅನ್ನುವ ದೇವತೆ ಅವನದೇ ರೂಪದಲ್ಲಿ ಬಂದು ರಾಜನ ಮಗನಿಗೆ ದಾರಿ ತೋರಿಸುತ್ತಾಳೆ. ಈಗ ಕಂಪನಿಗಳಲ್ಲಿ ಎಲ್ಲರಿಗೂ ದಾರಿ ತೋರಿಸಲು ಒಬ್ಬ ಮೆಂಟರ್.

ಒಂದು ಪದದ ಬಗ್ಗೆ ಮಾತ್ರ ನನಗೆ ನಿಜವಾಗಿ ಬೇಸರ ಇದೆ. 'ಹೆಕ್ಟರ್'. ಟ್ರಾಯ್ ಊರನ್ನು ಕಾಪಾಡಲು ನಿಂತವನು, ಹೆಂಡತಿಗೆ ವಿದಾಯ ಹೇಳಿ, ತನ್ನ ಶಿರಸ್ತ್ರಾಣ ನೋಡಿ ಹೆದರಿ ಅತ್ತ ಕೂಸಿಗಾಗಿ ಅದನ್ನು ತೆಗೆದು ನೆಲಕ್ಕಿಟ್ಟು, ಕೂಸನ್ನು ಎತ್ತಿಕೊಂಡವನು. ಇಲಿಯಡ್ ಮುಗಿಯುವುದೇ ಅವನ ಅಂತ್ಯಕ್ರಿಯೆಯಲ್ಲಿ. ಅಂಥವನ ಹೆಸರು ಇಂಗ್ಲಿಷ್‌ನಲ್ಲಿ ಕ್ರಿಯಾಪದವಾದಾಗ 'ದಬ್ಬಾಳಿಕೆ ಮಾಡು, ಗದರಿಸು' ಅನ್ನುವ ಅರ್ಥ ಬಂದಿದೆ. ಕರ್ಣನ ಹೆಸರನ್ನು ಯಾರಾದರೂ ಹಾಗೆ ಬಳಸಿದರೆ ನಾವು ಸುಮ್ಮನಿರುತ್ತಿದ್ದೆವಾ?

ಎಚ್ಚರಿಕೆಯೂ ಬೇಕು. ಕಾವ್ಯದಲ್ಲಿರುವ ಎಲ್ಲ ಪದ ಇವತ್ತು ಬದುಕಿಲ್ಲ. ಥೌ (ನೀನು), ಹ್ಯಾತ್ (ಈಗಿನ ಹ್ಯಾಸ್) ಇವೆಲ್ಲ ತಿಳಿದಿರಲಿ, ರಜಾ ಅರ್ಜಿಯಲ್ಲಿ ಬರೆಯಬೇಡಿ. 'ಆಫುಲ್' ಅಂದರೆ ಈಗ ತೀರಾ ಕೆಟ್ಟದ್ದು, ಮಿಲ್ಟನ್‌ಗೆ ಭಯಭಕ್ತಿ ಹುಟ್ಟಿಸುವಂಥದ್ದು. ಹಾಗಾಗಿ ನೋಟ್‌ಬುಕ್‌ನಲ್ಲಿ ಪದ ಬರೆದು ಪಕ್ಕದಲ್ಲಿ ಜಾಗ ಬಿಡುತ್ತೇನೆ. ಅದು ಇಂಗ್ಲಿಷ್ ಪೇಪರ್‌ನಲ್ಲೋ ಸುದ್ದಿಯಲ್ಲೋ ಸಿಕ್ಕರೆ ಆ ವಾಕ್ಯ ಅಲ್ಲಿ ಬರೆಯುತ್ತೇನೆ. ಜಾಗ ಖಾಲಿ ಉಳಿದ ಪದವನ್ನು ನನ್ನ ಬರವಣಿಗೆಯಲ್ಲಿ ಬಳಸಲ್ಲ. ಮೊದಲ ಸಲ ಓದುವವರು ನೇರ ಮಿಲ್ಟನ್‌ಗೆ ಹೋಗಬೇಡಿ, ಸ್ಯಾಮ್ಯುಯೆಲ್ ಬಟ್ಲರ್ 1900ರಲ್ಲಿ ಗದ್ಯದಲ್ಲಿ ಅನುವಾದಿಸಿದ ಒಡಿಸ್ಸಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ದೇವರುಗಳಿಗೆ ರೋಮನ್ ಹೆಸರು ಇಟ್ಟಿದ್ದಾರೆ, ಅಥೀನಾ ಅಲ್ಲಿ ಮಿನರ್ವಾ, ಗೊಂದಲ ಮಾಡಿಕೊಳ್ಳಬೇಡಿ. ಕೇಳಲು ಲಿಬ್ರಿವಾಕ್ಸ್ ಅನ್ನುವ ಆಡಿಯೋ ಪುಸ್ತಕಗಳ ವೆಬ್‌ಸೈಟ್ ಇದೆ, ಅದಕ್ಕೂ ದುಡ್ಡು ಕೊಡಬೇಕಾಗಿಲ್ಲ. ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗುವಾಗ ಕಿವಿಗೆ ಹಾಕಿಕೊಂಡರೆ ಒಂದು ಸಂಧಿ ಮುಗಿಯುತ್ತದೆ.

ಬಸ್ಸಿನಲ್ಲೇ ಒಮ್ಮೆ ನಾಲ್ಕನೇ ಸಂಧಿ ಕೇಳುತ್ತಿದ್ದೆ. ಆ ತೋಟದ ಹೊಳೆಗಳ ವರ್ಣನೆಯಲ್ಲಿ 'ಎರರ್' ಅಂತ ಬಂತು. ಕಂಪ್ಯೂಟರ್ ಪರದೆ ಮೇಲೆ ಬರುವ ಎರರ್ ಮಾತ್ರ ನನಗೆ ಗೊತ್ತಿತ್ತು, ಹೊಳೆ ಏನು ತಪ್ಪು ಮಾಡುತ್ತದೆ? ಹಿಂದೆ ಹೋಗಿ ಮತ್ತೆ ಕೇಳಿದೆ. ರಾತ್ರಿ ಅಣ್ಣನಿಗೆ ಫೋನ್ ಹಚ್ಚಿದೆ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಅಲೆಯುವುದು, ದಾರಿ ಬಿಟ್ಟು ಹೋಗುವುದು, ತಪ್ಪು ಅನ್ನುವ ಅರ್ಥ ಅದರಿಂದಲೇ ಬಂದದ್ದು ಅಂದ. ಒಂದು ದಾರಿಗೆ ನಿಲ್ಲದ್ದು ಅನ್ನುವ 'ಎರ್‍ಯಾಟಿಕ್' ಕೂಡ ಅದೇ ಮನೆಯ ಪದ. ಮರುದಿನ ಮಳಖೇಡದಲ್ಲಿ ಇಳಿದು ಕೋಟೆಯ ಕಡೆ ಹೋದೆ. ಕೆಳಗೆ ಕಾಗಿಣಾ ನದಿ ಹರಿಯುತ್ತಿತ್ತು, ಅದು ತಿರುಗಿ ಮರೆಯಾಗುವ ಜಾಗದ ತನಕ ನೋಡುತ್ತಾ ನಿಂತು, ಆ ಸಾಲನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿದೆ.